ಉಳಿದ ಐದು ಬತ್ತಿ

ಒಂದು ಲಕ್ಷ ಎಂಬ ಸಂಖ್ಯೆಗೆ ಎರಡು ಮತ್ತು ಐದನ್ನು ಬಿಟ್ಟರೆ ಬೇರೆ ನೆಂಟರಿಲ್ಲ. ಐದು ಸಲ ಎರಡು, ಐದು ಸಲ ಐದು, ಇಷ್ಟನ್ನೂ ಗುಣಿಸಿದರೆ ಲಕ್ಷ. ಮೂರು ಅದರ ಹತ್ತಿರ ಸುಳಿಯುವಂತಿಲ್ಲ, ಏಳಕ್ಕಂತೂ ಅದು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಇದನ್ನು ಕೊಪ್ಪದ ಹೈಸ್ಕೂಲಿನಲ್ಲಿ ವರ್ಷ ವರ್ಷವೂ ಹಲಗೆಯ ಮೇಲೆ ಬರೆದು ತೋರಿಸಿದವಳು ನಾನು. ನನ್ನ ಮನೆಯಲ್ಲಿ ಮಾತ್ರ ಯಾರೂ ಕೇಳಲಿಲ್ಲ.

1983ರ ಬೇಸಿಗೆಯಲ್ಲಿ ನನ್ನ ಗಂಡ ಮಹೇಶ್ವರ ನರಸಿಂಹರಾಜಪುರದ ಕಡೆ ಕಾಡಂಚಿನ ಜಮೀನು ಅಳೆಯಲು ಹೋಗಿ ಮಂಗನ ಕಾಯಿಲೆ ಹತ್ತಿಸಿಕೊಂಡು ಬಂದರು. ಸರ್ವೆ ಇಲಾಖೆಯ ಕೆಲಸ, ಅಳತೆಯ ಚೈನು ಎಳೆಯುವಾಗ ಉಣ್ಣಿ ಕಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಹದಿನೆಂಟು ದಿನ ಮಲಗಿದ್ದರು. ಒಸಡಿನಲ್ಲಿ ರಕ್ತ ಬಂದ ದಿನ ನನ್ನ ಅತ್ತೆ ತುಂಗಮ್ಮ ದೇವರ ಮುಂದೆ ನಿಂತು, ಮಗ ಎದ್ದು ಕೂತರೆ ಬರುವ ಶಿವರಾತ್ರಿಗೆ ಲಕ್ಷ ಬತ್ತಿ ಉರಿಸುತ್ತೇನೆ ಎಂದು ಹರಕೆ ಹೊತ್ತರು. ಮಗ ಎದ್ದು ಕೂತರು. ಲಕ್ಷ ಬತ್ತಿ ನಮ್ಮ ತಲೆಗೆ ಬಂತು.

"ಏಳು ಜನ ಸೇರಿ ಮಾಡುವ. ಏಳು ಒಳ್ಳೇದು" ಎಂದರು ಅತ್ತೆ.

"ಏಳಕ್ಕೆ ಲಕ್ಷ ಪಾಲು ಹೋಗೋದಿಲ್ಲ, ಅತ್ತೆ. ಎಂಟು ಜನ ಆದ್ರೆ ತಲಾ ಹನ್ನೆರಡೂವರೆ ಸಾವಿರ. ಐದು ಜನ ಆದ್ರೆ ಇಪ್ಪತ್ತು ಸಾವಿರ. ಚೊಕ್ಕ ಬರ್ತದೆ."

"ಎಂಟು ಬೇಡ. ಐದು ಜನ ತಲಾ ಇಪ್ಪತ್ತು ಸಾವಿರ ಹೊಸೆದ್ರೆ ಬೆರಳು ಉಳೀತದಾ? ಏಳೇ ಇರಲಿ. ಪಾಲು ಹೋಗೋದಿಲ್ಲ ಅಂದ್ರೆ ಹೋಗುವಂಗೆ ಮಾಡು ಮಾರಾಯ್ತಿ. ನೀನು ಟೀಚರಲ್ಲವಾ."

ಟೀಚರು ಎಂದರೆ ಸಂಖ್ಯೆಗಳು ಹೇಳಿದ ಮಾತು ಕೇಳುತ್ತವೆ ಎಂದು ನಮ್ಮತ್ತೆಯ ತಿಳಿವಳಿಕೆ. ನಾನು ಸಿಟ್ಟಿನಲ್ಲೇ ಹಳೇ ಉತ್ತರ ಪತ್ರಿಕೆಯೊಂದರ ಹಿಂದೆ ಭಾಗಾಕಾರ ಮಾಡಿದೆ. ತಲಾ ಹದಿನಾಲ್ಕು ಸಾವಿರದ ಇನ್ನೂರ ಎಂಬತ್ತೈದು, ಶೇಷ ಐದು. ಆ ಐದನ್ನು ನಾನೇ ಹೊಸೆದು ಹಾಕಿದರಾಯಿತು ಎಂದುಕೊಂಡು ಯಾರಿಗೂ ಹೇಳಲಿಲ್ಲ. ಹೇಳಿದರೆ ಟೀಚರು ಮಾಡಿದ ಲೆಕ್ಕದಲ್ಲೂ ಬಾಲ ಉಳಿಯಿತಲ್ಲ ಎಂದು ನಗುತ್ತಾರೆಂಬ ಅಳುಕು. ಏಳು ಚೀಟಿ ಬರೆದು ಏಳು ಕಡೆ ಹಂಚಿದೆ. ನಾನು, ಅತ್ತೆ, ನಮ್ಮ ಬೀದಿಯ ಇಬ್ಬರು, ಬಾಳಗಡಿಯ ನೀಲಾಂಬಿಕೆ, ಬೇಗಾರಿನಲ್ಲಿ ಅತ್ತೆಯ ಅಕ್ಕ ಹೊನ್ನಕ್ಕ, ನರಸಿಂಹರಾಜಪುರದಲ್ಲಿ ನನ್ನ ನಾದಿನಿ ಸುಬ್ಬಲಕ್ಷ್ಮಿ. ನಾದಿನಿ ಎಂದರೂ ಇವರಿಗಿಂತ ದೊಡ್ಡವರು, ನಾನು ಅತ್ತಿಗೆ ಎಂದೇ ಕರೆಯುವುದು.

ಹತ್ತಿಯೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ಹಾಸಿಗೆ ಹೊಲಿಯುವ ಬಷೀರರ ಅಂಗಡಿಯದು. ಅವರು ಒಳ್ಳೆಯ ಹತ್ತಿಯನ್ನು ಬೇರೆ ತೆಗೆದು ಹಿಂಜಿ ಇಡುತ್ತಿದ್ದರು. ಅತ್ತೆ ದಿನವಿಡೀ ಬಾಗಿಲ ಬೆಳಕಿಗೆ ಕೂತು ಹೊಸೆಯುವರು, ನೂರಾದ ಕೂಡಲೇ ಬುಟ್ಟಿಗೆ ಹಾಕುವರು. ನಾನು ಸ್ಕೂಲಿನಿಂದ ಬಂದು ಕಾಫಿ ಕುಡಿದು ಅವರ ನೂರುಗಳನ್ನು ಎಣಿಸಿ ದಾರ ಕಟ್ಟುವೆ. ಆಮೇಲೆ ನನ್ನ ಪಾಲಿನದನ್ನು ಹೊಸೆಯಬೇಕು. ಹೀಗೆ ಸುಮಾರು ಹತ್ತು ತಿಂಗಳು ಹೋಯಿತು. ನೀಲಾಂಬಿಕೆಯೂ ಬೀದಿಯ ಇಬ್ಬರೂ ತಮ್ಮ ಕಟ್ಟುಗಳನ್ನು ನಮ್ಮ ಮನೆಗೇ ತಂದು ನನ್ನೆದುರಿಗೆ ಎಣಿಸಿ ಕೊಟ್ಟರು. ಬೇಗಾರಿನದು, ನರಸಿಂಹರಾಜಪುರದ್ದು ಮಾತ್ರ ನೇರ ಶೃಂಗೇರಿಗೆ ಬರುವುದೆಂದಾಯಿತು, ಹರಕೆ ತೀರಿಸುವುದು ಅಲ್ಲಿಯ ಹೊಳೆಬದಿಯ ಒಂದು ಈಶ್ವರನ ಗುಡಿಯಲ್ಲಿ.

ಶಿವರಾತ್ರಿಯ ಸಂಜೆ ಏಳೂ ಪಾಲನ್ನು ದೊಡ್ಡ ಮಣ್ಣಿನ ಬಾಣಲೆಯಲ್ಲಿ ಸುರಿದು ತುಪ್ಪ ಹೊಯ್ದು ಹಚ್ಚಿದರು. ಹತ್ತು ತಿಂಗಳ ಕೆಲಸ, ನೋಡನೋಡುತ್ತಾ ಉರಿದು ಬೂದಿಯಾಯಿತು. ಅತ್ತೆಯ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಾರನೆಯ ದಿನವೇ ಇವರಿಗೆ ಮೈ ಬಿಸಿಯಾಯಿತು.

ಡಾಕ್ಟರು ಬಂದು ನೋಡಿದರು. "ಮಂಗನ ಕಾಯಿಲೆ ಒಂದ್ಸಲ ಬಂದವರಿಗೆ ಮತ್ತೆ ಬರೋದು ಬಹಳ ಕಮ್ಮಿ. ಬೇರೆ ಜ್ವರ ಇರಬೇಕು. ಎರಡು ಮೂರು ದಿನ ನೋಡುವ. ಇಳಿಯದಿದ್ರೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಎಂದರು. ಕಮ್ಮಿ ಅಂದರು, ಇಲ್ಲ ಅನ್ನಲಿಲ್ಲ. ಅತ್ತೆ ಅವರನ್ನು ಕಳಿಸಿ ಬಂದು ಬಾಗಿಲಲ್ಲಿ ಕೂತು, ಯಾರಿಗೂ ಅಲ್ಲದಂತೆ ಒಂದು ಮಾತು ಹೇಳಿದರು.

"ಎಲ್ಲಾದ್ರೂ ಕಮ್ಮಿ ಆಯ್ತಾ ಅಂತ."

ನನಗೆ ಐದು ಬತ್ತಿ ನೆನಪಾದದ್ದು ಆಗ.

ಹೊಸೆದೇ ಇರಲಿಲ್ಲ. ಶಿವರಾತ್ರಿಯ ಹಿಂದಿನ ವಾರ ಹತ್ತನೇ ತರಗತಿಯ ನೂರ ಹದಿನೆಂಟು ಉತ್ತರ ಪತ್ರಿಕೆ ನನ್ನ ಮೇಜಿನ ಮೇಲಿದ್ದವು. ನಾಳೆ ಹೊಸೆದರಾಯಿತು, ನಾಡಿದ್ದು ಹೊಸೆದರಾಯಿತು ಎನ್ನುತ್ತಾ ಬಸ್ಸು ಹತ್ತಿದ್ದೆ. ಬಾಣಲೆಯಲ್ಲಿ ಉರಿದದ್ದು ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೈದು. ಆ ಸಂಖ್ಯೆಯನ್ನು ಏಳು ನಿಶ್ಶೇಷವಾಗಿ ಭಾಗಿಸುತ್ತದೆ, ಐದೂ ಭಾಗಿಸುತ್ತದೆ, ಬಹಳ ಸಾಧು ಸಂಖ್ಯೆ. ಆದರೆ ಲಕ್ಷ ಅಲ್ಲ.

ಐದು ಬತ್ತಿಗೂ ಜ್ವರಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಇನ್ನೊಬ್ಬರಿಗೆ ಪಾಠ ಮಾಡುವಷ್ಟು ಗೊತ್ತಿತ್ತು. ಗೊತ್ತಿದ್ದರೂ ನನಗೆ ಅನ್ನ ಸೇರಲಿಲ್ಲ. ಅತ್ತೆ ಆ ದಿನ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ, ಸಂಜೆ ಬರೀ ನೀರು ಕುಡಿದರು. ನನ್ನ ಕಡೆ ಅವರು ನೋಡಿದಾಗಲೆಲ್ಲ ಅವರಿಗೆ ಗೊತ್ತಾಗಿದೆ ಎಂದೇ ಅನಿಸುತ್ತಿತ್ತು. ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಆಗಲಿಲ್ಲ, ಹೆದರಿಕೆಯಾಯಿತು.

ಬತ್ತಿಗಳು ಬೂದಿಯಾಗಿದ್ದವು, ಮತ್ತೆ ಎಣಿಸುವಂತಿಲ್ಲ. ನನ್ನೆದುರಿಗೆ ಎಣಿಸಿದ ಐದು ಪಾಲು ಸರಿಯಿದ್ದವು. ನಾನು ನೋಡದೇ ಇದ್ದದ್ದು ಬೇಗಾರಿನದು, ನರಸಿಂಹರಾಜಪುರದ್ದು ಎರಡೇ. ಅವರಲ್ಲಿ ಯಾರಾದರೂ ಐದು ಜಾಸ್ತಿ ಹಾಕಿದ್ದರೆ ನಾನು ಉಳಿದುಕೊಂಡೆ. ಜ್ವರಕ್ಕೆ ಅಮೃತಬಳ್ಳಿ ತರುತ್ತೇನೆಂದು ನೆಪ ಹೇಳಿ ಶುಕ್ರವಾರ ರಜೆ ಹಾಕಿ ಬೇಗಾರಿಗೆ ಹೋದೆ.

ಹೊನ್ನಕ್ಕ ಅಂಗಳದಲ್ಲಿ ಕೂತು ಬಾಳೆಪಟ್ಟೆ ಸೀಳುತ್ತಿದ್ದರು. ಎಪ್ಪತ್ತು ದಾಟಿದ್ದರೂ ದನಿ ಗಟ್ಟಿ. ಮಹೇಶ್ವರನ ಜ್ವರದ ಸುದ್ದಿ ಕೇಳಿ, "ಜ್ವರ ಯಾರಿಗೆ ಬರೋದಿಲ್ಲ ಕೂಸೆ, ಬಿಸಿಲಿಗೆ ಬತ್ತದೆ, ಹೋತದೆ" ಎಂದು ಬಳ್ಳಿ ಕೊಯ್ದು ತರಲು ಎದ್ದರು.

"ದೊಡ್ಡತ್ತೆ, ನಿಮ್ಮ ಬತ್ತಿ ಸರಿಯಾಗಿ ಎಷ್ಟಿತ್ತು?"

"ಎಂತಕ್ಕೆ, ಕಮ್ಮಿ ಕೊಟ್ಟಿದ್ದೆ ಅಂತ ಅನುಮಾನವಾ?"

"ಹಂಗಲ್ಲ. ಬರೆದಿಟ್ಕೊಳ್ಳೋಕೆ."

"ಬರ್ಕೋ ಹಂಗಾದ್ರೆ. ನೂರ ನಲವತ್ಮೂರು ಕಟ್ಟು. ನಿನ್ನ ಚೀಟಿ ನೋಡಿ ನಗು ಬಂತು ನಂಗೆ. ನೂರ ನಲವತ್ತೆರಡು ಕಟ್ಟು, ಮೇಲೆ ಎಂಬತ್ತೈದು. ಅರೆ ಕಟ್ಟನ್ನ ಯಾರಾದ್ರೂ ದೇವರಿಗೆ ಕೊಡ್ತಾರಾ? ಕೊನೇ ಕಟ್ಟು ನೂರು ಮಾಡಿ ಕಟ್ಟಿದೆ."

ಹದಿನೈದು ಜಾಸ್ತಿ. ಐದು ಕಳೆದರೂ ಲಕ್ಷದ ಮೇಲೆ ಹತ್ತು. ನಾನು ಅಲ್ಲೇ ಜಗುಲಿಯ ಮೇಲೆ ಕೂತುಬಿಟ್ಟೆ. ಎರಡು ದಿನದಿಂದ ಸೇರದಿದ್ದ ಊಟ ಅಲ್ಲಿ ಸೇರಿತು, ಮೂರು ಸಲ ಅನ್ನ ಹಾಕಿಸಿಕೊಂಡೆ. ಹೊನ್ನಕ್ಕ, ನಿಮ್ಮ ಮನೇಲಿ ಅಡುಗೆ ಮಾಡೋದಿಲ್ಲವಾ ಎಂದು ಕೇಳಿಯೇ ಕೇಳಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಬುದ್ಧಿವಂತಿಕೆಯಾಗುತ್ತಿತ್ತು. ಆದರೆ ಗಣಿತ ಕಲಿಸುವವರ ಗ್ರಹಚಾರ ಬೇರೆಯೇ ಇರುತ್ತದೆ. ಏಳರಲ್ಲಿ ಆರು ಗೊತ್ತಾಗಿ ಒಂದು ಗೊತ್ತಾಗದೆ ಉಳಿದರೆ ನನಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗೆ. ಮನೆಗೆ ಬಂದರೆ ಜ್ವರ ಹಾಗೇ ಇತ್ತು, ಅತ್ತೆ ಊಟ ಮಾಡಿರಲಿಲ್ಲ. ಶನಿವಾರ ಬೆಳಗ್ಗೆ, ಅಕ್ಕನಿಗೆ ತಮ್ಮನ ಸುದ್ದಿ ಮುಟ್ಟಿಸಬೇಕಲ್ಲ ಎಂದು ನರಸಿಂಹರಾಜಪುರದ ಬಸ್ಸು ಹತ್ತಿದೆ.

ಸುಬ್ಬಲಕ್ಷ್ಮಿ ಅತ್ತಿಗೆ ಜ್ವರದ ಸುದ್ದಿ ಕೇಳಿದ್ದೇ ಬಿಳಿಚಿಕೊಂಡರು. ನಾನು ಬತ್ತಿಯ ಮಾತೇ ಎತ್ತಿರಲಿಲ್ಲ. ಅವರೇ ಒಳಗೆ ಹೋಗಿ ಕ್ಯಾಲೆಂಡರ್ ಕಿತ್ತು ತಂದು ನನ್ನ ತೊಡೆಯ ಮೇಲಿಟ್ಟರು. ಜನವರಿಯ ಹಾಳೆಯಲ್ಲಿ ದಿನಕ್ಕೊಂದರಂತೆ ಹನ್ನೆರಡು ಪೆನ್ಸಿಲ್ ಗೀಟುಗಳಿದ್ದವು.

"ಎಂತ ಇದು?"

"ಕಟ್ಟಿಟ್ಟ ಬತ್ತಿಯಿಂದ ತೆಗೆದದ್ದು" ಎಂದರು. "ಹನ್ನೆರಡು ದಿನ ನಂಗೆ ಕೈ ನೋವು, ಮನೆ ದೀಪಕ್ಕೆ ಬತ್ತಿ ಇರ್ಲಿಲ್ಲ. ದಿನಕ್ಕೊಂದು ತೆಗೆದು ಹಚ್ಚಿದೆ. ಆಮೇಲೆ ಮಾಡಿ ಸೇರಿಸುವ ಅಂತ ಗೀಟು ಹಾಕಿಟ್ಟೆ, ಗೋದಾವರಿ. ಹಾಕಿಟ್ಟೆ, ಮರೆತೆ. ದೇವರಿಗೆ ಎತ್ತಿಟ್ಟದ್ದನ್ನ ಮನೆಗೆ ಉರಿಸ್ಕೊಂಡೆ. ನನ್ನ ತಮ್ಮನಿಗೆ ನನ್ನಿಂದ ಜ್ವರ ಬಂತು."

ಅವರು ಅಳತೊಡಗಿದರು. ನನ್ನ ತಲೆ ತನ್ನಷ್ಟಕ್ಕೆ ಲೆಕ್ಕ ಮಾಡಿ ಮುಗಿಸಿತ್ತು. ಹತ್ತು ಜಾಸ್ತಿಯಿದ್ದದ್ದರಲ್ಲಿ ಹನ್ನೆರಡು ಹೋಯಿತು. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೆಂಟು, ಲಕ್ಷಕ್ಕೆ ಎರಡು ಕಡಿಮೆ. ನಾನು ನನ್ನ ಐದನ್ನು ಹಾಕಿದ್ದರೆ ಈ ಮಾತೇ ಇರುತ್ತಿರಲಿಲ್ಲ. ಆದರೂ ಅತ್ತಿಗೆಯ ಕೈ ಹಿಡಿದುಕೊಂಡು ಹೇಳಿದೆ, "ಅಳಬೇಡಿ. ಬೇಗಾರಿನವರು ಹದಿನೈದು ಜಾಸ್ತಿ ಹಾಕಿದ್ದಾರೆ. ನಿಮ್ಮ ಹನ್ನೆರಡು ಅದರೊಳಗೇ ಮುಗೀತು."

"ಹೌದಾ? ನಿಜವಾ?"

"ನಿನ್ನೆಯೇ ಹೋಗಿ ಕೇಳಿ ಬಂದಿದ್ದೇನೆ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನನ್ನ ಐದರ ಮಾತನ್ನು ಮಾತ್ರ ನುಂಗಿಕೊಂಡೆ. ಅತ್ತಿಗೆ ಕಣ್ಣೊರೆಸಿಕೊಂಡು ದೊಡ್ಡದೊಂದು ಉಸಿರು ಬಿಟ್ಟು, ಒಲೆಯ ಮೇಲೆ ಕಾಫಿಗೆ ನೀರಿಟ್ಟರು. ಅವರ ಭಾರ ಇಳಿಯಿತು. ನನ್ನದು ವಾಪಸು ಬಂದು ಕೂತಿತು.

ಬಸ್ಸಿನಲ್ಲಿ ಉದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಕಲಿತವಳು, ಬಿ.ಎಸ್‌ಸಿ. ಮಾಡಿದವಳು, ಎರಡು ಬತ್ತಿಗಾಗಿ ತಾಲೂಕಿನಿಂದ ತಾಲೂಕಿಗೆ ಓಡಾಡುತ್ತಿದ್ದೆ. ಕೊಪ್ಪದಲ್ಲಿ ಇಳಿಯುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದೆ. ಎರಡು ಬತ್ತಿ ಹೊಸೆದು ಮನೆಯ ದೇವರ ಮುಂದೆ ಹಚ್ಚಿ, ಅತ್ತೆಯ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಡುವುದು. ಮನೆಯ ಹತ್ತಿ ಮುಗಿದಿತ್ತು. ಬಷೀರರ ಅಂಗಡಿಗೆ ಹೋಗಿ ಒಂದು ಹಿಡಿ ಹತ್ತಿ ಕೇಳಿದೆ.

ಬಷೀರ್ ಹಾಸಿಗೆಗೆ ಟಾಕಿ ಹಾಕುತ್ತಿದ್ದವರು ಸೂಜಿ ಚುಚ್ಚಿಟ್ಟು ನನ್ನ ಮುಖ ನೋಡಿದರು. "ಎಂತ ಟೀಚರಮ್ಮ, ಹರಕೆ ಮುಗೀತಲ್ಲ. ಮತ್ತೆ ಶುರುವಾ?"

"ಇಲ್ಲ ಬಷೀರಣ್ಣ, ಒಂದೆರಡು ಬತ್ತಿಗೆ ಸಾಕು."

"ಒಳ್ಳೇ ಮನೆ ನಿಮ್ದು. ವರ್ಷ ಪೂರ್ತಿ ಕೇಜಿಗಟ್ಲೆ ಒಯ್ದಿರಿ. ಈಗ ನೀವು ಎರಡು ಬತ್ತಿಗೆ ಅಂತೀರಿ. ಹಬ್ಬದ ಹಿಂದಿನ ದಿನ ಅಮ್ಮ ಬಂದು ಐದು ಬತ್ತಿಗೆ ಅಂದ್ರು."

"ಯಾವ ಅಮ್ಮ?"

"ನಿಮ್ಮತ್ತೆ ಮತ್ತೆ. ಇಲ್ಲೇ ಬೆಂಚಿನ ಮೇಲೆ ಕೂತ್ಕೊಂಡು ಹೊಸೆದ್ರು. ಮನೇಲಿ ಹೊಸೆದ್ರೆ ಸೊಸೆಗೆ ಗೊತ್ತಾಗ್ತದೆ ಅಂದ್ರು. ಕಣ್ಣು ಕಾಣೋದಿಲ್ಲ, ಐದು ಆಯ್ತಾ ನೋಡಪ್ಪ ಅಂತ ನನ್ನ ಕೈಲಿ ಎಣಿಸಿದ್ರು. ಎಣಿಸಿದೆ. ಸರಿಯಾಗಿ ಐದು."

ನಾನು ಹತ್ತಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಮಾರಿಗುಡಿಯ ಏರು ಹೇಗೆ ಹತ್ತಿದೆನೋ ಗೊತ್ತಿಲ್ಲ.

ಇವರು ದಿಂಬಿಗೆ ಒರಗಿ ಕೂತಿದ್ದರು. ಬೆವರು ಒಡೆದು ಅಂಗಿ ಒದ್ದೆಯಾಗಿತ್ತು, ಕಣ್ಣು ತಿಳಿಯಾಗಿದ್ದವು. "ಎಲ್ಲಿಗೆ ಹೋಗಿದ್ದೆ? ಡಾಕ್ಟರು ಬಂದು ಹೋದ್ರು. ಜ್ವರ ಇಳೀತು, ಹೆದರುವಂಥದ್ದು ಏನಿಲ್ಲ ಅಂದ್ರು. ಹಸಿವು ಮಾರಾಯ್ತಿ, ಗಂಜಿಗೆ ಮಿಡಿ ಉಪ್ಪಿನಕಾಯಿ ಹಾಕು ಅಂದ್ರೆ ಅಮ್ಮ ಕೊಡ್ತಾ ಇಲ್ಲ" ಎಂದರು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಮುಟ್ಟಿದ ಕೈಯನ್ನು ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡೆ.

ಅತ್ತೆ ಅಡುಗೆಮನೆಯಲ್ಲಿ ಗಂಜಿ ಆರಿಸುತ್ತಿದ್ದರು. ನಾನು ಅವರ ಹತ್ತಿರ ನೆಲದ ಮೇಲೆ ಕೂತೆ.

"ಅತ್ತೆ, ಐದು ಬತ್ತಿ ಹಾಕಿದ್ದು ನೀವಾ?"

ಅವರು ಗಂಜಿಯಿಂದ ಕಣ್ಣೆತ್ತಲಿಲ್ಲ. "ಬಷೀರ ಹೇಳಿದ್ನಾ? ಬಾಯಿ ನಿಲ್ಲೋದಿಲ್ಲ ಅವನಿಗೆ."

"ಲೆಕ್ಕದಲ್ಲಿ ಐದು ಕಡಿಮೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

"ಗೊತ್ತಾಗದೇ ಎಂತ? ನಿನ್ನ ಚೀಟಿಯಲ್ಲಿ ಕೊನೆಗೆ ಐದು ಇತ್ತು. ಏಳೈದ್ಲೆ ಮೂವತ್ತೈದು. ಏಳು ಚೀಟಿ ಕೂಡಿಸಿದ್ರೆ ಕೊನೆಗೆ ಐದೇ ಬರಬೇಕಲ್ಲ. ಲಕ್ಷದ ಕೊನೆಗೆ ಐದು ಎಲ್ಲಿಂದ ಬರ್ತದೆ? ಸೊನ್ನೆ ಅಲ್ಲವಾ? ಐದು ನೀನು ಇಟ್ಕೊಂಡಿದ್ದೀಯ ಅಂತ ಅವತ್ತೇ ತಿಳೀತು."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು ನಮ್ಮತ್ತೆ. ಕೊನೆಯ ಅಂಕಿ ನೋಡಿ ಗುಣಾಕಾರ ತಾಳೆ ಹಾಕುವುದನ್ನು ನಾನು ಎಂಟನೇ ತರಗತಿಯಲ್ಲಿ ಒಂದು ವಾರ ಹೇಳಿಕೊಡುತ್ತೇನೆ, ಅರ್ಧ ಕ್ಲಾಸಿಗೆ ಹತ್ತುವುದಿಲ್ಲ.

"ಮತ್ತೆ ನನ್ನನ್ನ ಕೇಳಬಹುದಿತ್ತಲ್ಲ."

"ಎಂತ ಕೇಳೋದು? ಆ ವಾರ ನೀನು ಊಟಕ್ಕೆ ಕೂತ್ರೂ ಪೇಪರ್ ತಿದ್ದುತ್ತಾ ಇದ್ದೆ. ಮರೀತಾಳೆ ಅಂತ ಗೊತ್ತಾಯ್ತು. ಹೇಳಿದ್ರೆ ನಿಂಗೆ ಬೇಜಾರು."

"ನಾನು ನಿಜವಾಗಿ ಮರೆತಿದ್ದೆ, ಅತ್ತೆ. ಮೂರು ದಿನದಿಂದ ಸತ್ತುಹೋಗಿದ್ದೇನೆ. ಕಮ್ಮಿ ಆಯ್ತಾ ಅಂತ ನೀವು ಅಂದ್ರಿ, ಊಟ ಬಿಟ್ರಿ. ನನ್ನಿಂದ ಆಯ್ತು ಅಂತ."

ಅತ್ತೆ ಈಗ ನನ್ನ ಕಡೆ ತಿರುಗಿದರು. ಅವರ ಎಡಗಣ್ಣಿನ ಪೊರೆ ಬೆಳಕಿಗೆ ಬೂದಿಯ ಬಣ್ಣ ಕಾಣುತ್ತಿತ್ತು.

"ಊಟ ಬಿಟ್ಟದ್ದು ಅವನು ಗಂಜಿ ಮುಟ್ಟಲಿಲ್ಲ ಅಂತ. ಕಮ್ಮಿ ಆಯ್ತಾ ಅಂದದ್ದು ನನ್ನ ಪಾಲಿಗೆ. ಈ ಕಣ್ಣಲ್ಲಿ ಎಣಿಸಿದ್ದು ನೂರು ಹೌದೋ ಅಲ್ಲವೋ. ಕೂಸೆ, ನಾನು ಮೂರು ದಿನದಿಂದ ಅದನ್ನೇ ತಿಂತಾ ಇದ್ದೆ. ನಿಂಗೆ ಹೇಳೋಕೆ ಹೆದರಿಕೆ."

"ನಿಮ್ಮ ಕಟ್ಟು ಒಂದೊಂದನ್ನೂ ನಾನು ಎರಡೆರಡು ಸಲ ಎಣಿಸಿ ಕಟ್ಟಿದ್ದು."

"ಸರಿ ಇತ್ತಾ?"

ಹೇಳುವ ದಿನ ಬಂದ ಮೇಲೆ ಎಲ್ಲವನ್ನೂ ಹೇಳುವುದೇ ಸರಿ ಎನಿಸಿತು. "ಕೆಲವು ಸಲ ತೊಂಬತ್ತೆಂಟು, ತೊಂಬತ್ತೇಳು ಇರ್ತಿತ್ತು. ನಾನು ಹೊಸೆದದ್ದರಿಂದ ತೆಗೆದು ನೂರು ಮಾಡ್ತಿದ್ದೆ. ನನ್ನದು ಬೇರೆ ಮಾಡ್ಕೊಂಡೆ. ನಿಮ್ಮ ಪಾಲಲ್ಲಿ ಒಂದೂ ಕಮ್ಮಿ ಇಲ್ಲ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಕಳ್ಳಿ" ಎಂದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಎರಡೂ ಒಟ್ಟಿಗೆ ಬಂದವು. ಒಳಗಿನಿಂದ ಇವರು ಉಪ್ಪಿನಕಾಯಿ ಎಂದು ಕೂಗಿದರು. ಅತ್ತೆ ಒಂದು ಮಿಡಿ ತೆಗೆದು ಹಾಕಿ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

ಭಾನುವಾರ ಮಧ್ಯಾಹ್ನ ಇವರು ಎಲೆಯ ಮುಂದೆ ಕೂತು ಉಂಡರು. ಅವರು ಕೈತೊಳೆಯಲು ಎದ್ದಾಗ ಅತ್ತೆ ಕೇಳಿದರು, "ಹಂಗಾದ್ರೆ ಎಲ್ಲ ಸೇರಿ ಎಷ್ಟಾಯ್ತು?"

ಹೊನ್ನಕ್ಕನ ಹದಿನೈದನ್ನೂ ಅತ್ತಿಗೆಯ ಹನ್ನೆರಡನ್ನೂ ನಾನು ಅಷ್ಟರಲ್ಲಿ ಅವರಿಗೆ ಹೇಳಿಯಾಗಿತ್ತು. ಮಗಳ ಹನ್ನೆರಡಕ್ಕೆ ಬೆಳಗ್ಗೆಯೆಲ್ಲ ಬೈದು ಮುಗಿಸಿದ್ದರು.

"ಒಂದು ಲಕ್ಷದ ಮೂರು."

"ಅದು ಏಳಕ್ಕೆ ಪಾಲು ಹೋಗ್ತದಾ?"

"ಇಲ್ಲ. ಒಂದು ಉಳೀತದೆ."

"ಎಂಟಕ್ಕೆ?"

"ಇಲ್ಲ."

"ಮತ್ತೆ ಯಾವುದಕ್ಕೆ ಹೋಗ್ತದೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ನನಗೆ ಬಾಯಿಗೆ ಬರುವ ಮಾತಲ್ಲ. ತಿದ್ದಿ ಮುಗಿದ ಪೇಪರುಗಳ ಖಾಲಿ ಹಾಳೆ ಎಳೆದುಕೊಂಡು ಕೂತೆ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ನೋಡಬೇಕಾದರೆ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಲಕ್ಷದ ಮೂರಕ್ಕೆ ಮುನ್ನೂರ ಹದಿಮೂರರವರೆಗೆ ಹೋಗಬೇಕು, ಒಟ್ಟು ಅರವತ್ತೈದು. ಎರಡು, ಮೂರು, ಐದು ನೋಡಿದರೇ ಗೊತ್ತಾಗುತ್ತದೆ. ಉಳಿದ ಅರವತ್ತೆರಡನ್ನೂ ಒಂದೊಂದಾಗಿ ಭಾಗಿಸಿದೆ. ಹನ್ನೊಂದಕ್ಕೆ ಎರಡು ಉಳಿಯಿತು, ಹದಿಮೂರಕ್ಕೆ ಏಳು, ಹದಿನೇಳಕ್ಕೆ ಒಂಬತ್ತು. ಇವರು ಪಕ್ಕದಲ್ಲಿ ಕೂತು, ಜಮೀನು ಅಳೆಯುವವರ ಅಭ್ಯಾಸದಂತೆ, ನನ್ನ ಶೇಷಗಳನ್ನು ಇನ್ನೊಮ್ಮೆ ತಾಳೆ ನೋಡಿದರು. ಅತ್ತೆ ಎದುರಿಗೆ ಕೂತು, ಸಿಕ್ಕಿತಾ, ಸಿಕ್ಕಿತಾ ಎಂದು ಕೇಳುತ್ತಿದ್ದರು. ಮುನ್ನೂರ ಹದಿಮೂರಕ್ಕೆ ನೂರ ಐವತ್ತಾರು ಉಳಿದಾಗ ಪೆನ್ನು ಕೆಳಗಿಟ್ಟೆ.

"ಯಾರಿಗೂ ಹೋಗೋದಿಲ್ಲ, ಅತ್ತೆ. ಒಬ್ಬರೇ ಇಟ್ಟುಕೊಳ್ಳಬೇಕು, ಇಲ್ಲಾ ಒಂದು ಲಕ್ಷದ ಮೂರು ಜನಕ್ಕೆ ಒಂದೊಂದು ಕೊಡಬೇಕು. ನಡುವೆ ಎಷ್ಟು ಜನಕ್ಕೂ ಸಮ ಪಾಲು ಮಾಡೋಕೆ ಬರೋದಿಲ್ಲ."

ಅತ್ತೆ ಅದನ್ನು ಮನಸ್ಸಿನಲ್ಲೇ ಒಂದು ಸಲ ತಿರುಗಿಸಿ ನೋಡಿದ ಹಾಗೆ ಕಂಡಿತು.

"ಒಳ್ಳೇದೇ ಆಯ್ತು" ಎಂದರು. "ಇನ್ನು ಯಾರ ಪಾಲು ಕಮ್ಮಿ ಅಂತ ಯಾರೂ ಕೇಳೋ ಹಂಗಿಲ್ಲ."

ಆಮೇಲೆ ಎದ್ದು, ನಾವಿಬ್ಬರೂ ಇನ್ನೂ ಉಂಡಿಲ್ಲ ಎಂದು ನೆನಪಿಸಿ, ಎರಡು ಎಲೆ ಹಾಕಿದರು.